ಜೋಳದ ಹೊಲದ ಟೇಪು

"ಡಬ್ಬಿ ಐತಿ, ಒಳಗ ಟೇಪ್ ಇಲ್ಲ!"

ಮುರ್ತುಜಸಾಬ ಟ್ರಂಕಿನ ಮುಂದೆ ಕೂತು ತಗಡಿನ ಡಬ್ಬಿಯನ್ನು ಬೋರಲು ಹಿಡಿದು ಅಲ್ಲಾಡಿಸಿದ. ಬಿದ್ದದ್ದು ಒಂದು ನುಸಿಗುಳಿಗೆ ಮಾತ್ರ. ಬಾಗಿಲ ಬಳಿ ಕೂತಿದ್ದ ಬಸಯ್ಯ ಟೇಪು ಹಾಕಿ ಕೇಳುವ ಸ್ಪೂಲ್ ಮಷಿನ್ನಿನ ಆಗಷ್ಟೇ ತೆಗೆದಿದ್ದ ಮುಚ್ಚಳವನ್ನು ಮತ್ತೆ ಮುಚ್ಚಿದ. ಆ ಮಷಿನ್ನನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅವನು ಮುಂಬೈಯಿಂದ ಇಳಕಲ್ಲಿನ ತನಕ ಬಂದಿದ್ದ.

ಹದಿಮೂರು ವರ್ಷದ ಹಿಂದೆ, ಎಪ್ಪತ್ನಾಲ್ಕರಲ್ಲಿ, ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ ಮುರ್ತುಜಸಾಬನನ್ನು ಮುಂಬೈಗೆ ಕರೆದೊಯ್ದವನು ಇದೇ ಬಸಯ್ಯ. ಬಾಗಲಕೋಟೆಯವನು, ಮುಂಬೈಯ ಒಂದು ಸ್ಟುಡಿಯೋದಲ್ಲಿ ಮೈಕು ಜೋಡಿಸುವ ಕೆಲಸ. ಗಿಟಾರು, ಡ್ರಮ್ಮು, ತಬಲಾ, ಸ್ಯಾಕ್ಸೋಫೋನಿನವರ ನಡುವೆ ಸಾಬನನ್ನು ಕೂಡಿಸಿ ಊದಿಸಿದ್ದರು. ಅದಕ್ಕೆ ಅವರು ಜಾಝ್ ಫ್ಯೂಷನ್ ಎಂದದ್ದು ಸಾಬನಿಗೆ ತಿಳಿಯಲಿಲ್ಲ, ಸಾಬ ಊದಿದ್ದು ಮಾತ್ರ ಅವರಿಗೆಲ್ಲ ತಿಳಿಯಿತು. ಆದರೆ ಇಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ಕಂಪನಿಯವರು ರೆಕಾರ್ಡು ಹೊರತರಲೇ ಇಲ್ಲ. ನೆನಪಿಗಿರಲಿ ಎಂದು ಒಂದು ಟೇಪು ಕೊಟ್ಟು ಕಳಿಸಿದರು. ಅದನ್ನು ಹಾಕುವ ಮಷಿನ್ನು ಸಾಬನಿಗೆ ಊರಲ್ಲೆಲ್ಲೂ ಸಿಗಲಿಲ್ಲ. ತಾನು ಊದಿದ್ದನ್ನು ತಾನೇ ಒಮ್ಮೆಯೂ ಕೇಳಿರಲಿಲ್ಲ. ಈಗ ನೋಡಿದರೆ ಸ್ಟುಡಿಯೋದವರು ತಮ್ಮ ಪ್ರತಿಯನ್ನು ಅಳಿಸಿ ಅದರ ಮೇಲೆ ಇನ್ನೇನೋ ತುಂಬಿದ್ದಾರೆ. ಲೋಕದಲ್ಲಿ ಉಳಿದದ್ದು ಈ ಡಬ್ಬಿಯದೊಂದೇ, ಅದಕ್ಕೇ ಬಸಯ್ಯ ಮಷಿನ್ನು ಹೊತ್ತು ಬಂದದ್ದು.

"ನಾನ ಕೊಟ್ಟೆ," ಎಂದಳು ಹೆಂಡತಿ ಮಕ್ತುಮಬಿ, ಕುಣಿಮಗ್ಗದಿಂದ ಏಳದೆ. ಅವಳ ಲಾಳಿ ನಿಂತಿತ್ತು. "ಬಾಜೂಮನಿ ಲಗಮವ್ವ ತನ್ನ ಜ್ವಾಳದ ಹೊಲಕ್ಕ ಕಟ್ಟಾಕ ಬೇಕಂದ್ಲು. ಗಾಳಿಗೆ ಮಿಂಚತೈತಿ, ಗುಬ್ಬಿ ಅಂಜತಾವಂತ."

"ಏನು ಕೊಟ್ಟೆ ಅಂತ ಗೊತ್ತೈತೇನ ನಿನಗ?"

"ಗೊತ್ತೈತ್ರಿ. ಆ ಡಬ್ಬಿ ತಗದ ದಿನ ನೀವು ಉಣ್ಣೂದಿಲ್ಲ, ಮಾತಾಡೂದಿಲ್ಲ. ಟ್ರಂಕಿನ್ಯಾಗ ಸವತಿ ಇಟ್ಟಂಗಾಗಿತ್ತು ನನಗ. ಎಷ್ಟ ವರ್ಷ ತಡಕೋಬೇಕು?"

ಮುರ್ತುಜಸಾಬ ಡಬ್ಬಿ ಕೆಳಗಿಟ್ಟ. ಟೊಪ್ಪಿಗೆ ಹಾಕಿಕೊಂಡು ಹೊರಟೇಬಿಟ್ಟ. ಬಸಯ್ಯ ಹಿಂದೆ ಓಡಿದ.

ಹುನಗುಂದದ ದಾರಿಗೆ ಹತ್ತಿದ ಹೊಲ. ಹಾಲುಗಾಳಿನ ತೆನೆಗಳ ಮೇಲೆ ಗೂಟದಿಂದ ಗೂಟಕ್ಕೆ ಟೇಪು ಬಿಗಿದಿತ್ತು, ಗಾಳಿ ಬಂದಾಗ ಗುಂಯ್ಯೆನ್ನುತ್ತಿತ್ತು. ಲಗಮವ್ವ ಬದುವಿನ ಮೇಲಿಂದಲೇ ಕೈಯೆತ್ತಿ, "ಭಾಳ ಉಪಕಾರಾತ್ರಿ ಸಾಬ್ರ! ಎಂಟು ದಿನ ಆತು, ಒಂದ ಗುಬ್ಬಿ ಇತ್ತಾಗ ಹಾಯ್ದಿಲ್ಲ," ಎಂದಳು. ಬಸಯ್ಯ ತಲೆಯ ಮೇಲೆ ಕೈ ಹೊತ್ತು ಕೂತ. ಇದನ್ನು ಹಾಕಿದರೆ ಒಬ್ಬ ಗಿರಾಕಿಯೂ ಇತ್ತ ಹಾಯುವುದಿಲ್ಲವೆಂದು ಮುಂಬೈ ಕಂಪನಿಯವರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು.

ಸಾಬ ಒಂದು ಗಂಟು ಬಿಚ್ಚಲು ಹೋಗಿ ಎಳೆದ. ಟೇಪು ಪಟ್ಟೆಂದು ಹರಿಯಿತು.

"ಜಗ್ಗಬ್ಯಾಡ್ರಿ!" ಹಿಂದಿನಿಂದ ಮಕ್ತುಮಬಿಯ ಧ್ವನಿ. ಯಾವಾಗ ಬಂದಳೋ. ರೇಷ್ಮೆ ಎಳೆಯ ಸಿಕ್ಕು ಬಿಡಿಸಿ ಬೆಳೆದ ಬೆರಳುಗಳು ಅವಳವು. ಉಗುರ ತುದಿಯಿಂದ ಗಂಟು ಸಡಿಲಿಸಿ, ಒಂದು ಗೂಟದಿಂದ ಇನ್ನೊಂದಕ್ಕೆ ನಡೆಯುತ್ತ, ಟೇಪನ್ನು ಎಲ್ಲೂ ಹೊರಳದ ಹಾಗೆ ಸುತ್ತಿಕೊಳ್ಳುತ್ತ ಹೋದಳು. ಗಂಡನ ಕಡೆ ಒಮ್ಮೆಯೂ ನೋಡಲಿಲ್ಲ. ಹೊಲ ಮುಗಿಯುವಾಗ ಸೂರ್ಯ ನೆತ್ತಿಗೆ ಬಂದಿದ್ದ.

ಮನೆಯಲ್ಲಿ ಮಷಿನ್ನು ತಿರುಗಿತು. ಮೊದಲು ಬರೀ ಸುಂಯ್ ಸದ್ದು. ಆಮೇಲೆ ಯಾರೋ ನೀರಿನೊಳಗಿಂದ ಕೂಗಿದ ಹಾಗೆ ಏನೋ ಒಂದು. ಬಸಯ್ಯ ಕತ್ತರಿಸಿದ, ಅಂಟಿಸಿದ, ಮತ್ತೆ ಹಾಕಿದ. ಬಿಸಿಲಿಗೆ ಮುರುಟಿದ ಟೇಪು ಬಾಯಿ ಬಿಡಲೊಲ್ಲದು. ಮುರ್ತುಜಸಾಬ ಗೋಡೆಯತ್ತ ಮುಖ ತಿರುಗಿಸಿದ. "ಸಾಕು ಬಿಡೋ ಬಸಯ್ಯ. ನನ್ನ ನಸೀಬದಾಗ ಇಲ್ಲದು," ಎಂದ.

ಅಷ್ಟರಲ್ಲಿ ಬಂತು. ಡ್ರಮ್ಮು ಮೆಲ್ಲಗೆ ನಡೆಯುತ್ತಿತ್ತು, ಗಿಟಾರು ಎರಡು ಮಾತಾಡಿ ಸುಮ್ಮನಾಯಿತು, ಕ್ಲಾರಿಯೋನೆಟ್ ಎದ್ದಿತು. ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿನ ಧಾಟಿಯಲ್ಲಿ ಹೊರಟದ್ದು ನಡುವೆ ದಾರಿ ಬಿಟ್ಟು, ಯಾರೂ ಹೋಗದ ಕಡೆ ಹೋಗಿ, ಸ್ಯಾಕ್ಸೋಫೋನಿನ ಜೊತೆ ಜಗಳ ತೆಗೆದು, ನಕ್ಕು, ಅತ್ತು, ತಿರುಗಿ ಬಂತು. ಸಾಬನಿಗೆ ಮುಂಬೈಯ ಆ ಸಂಜೆ ಕಣ್ಣಿಗೆ ಕಟ್ಟಿತು: ಸ್ಯಾಕ್ಸೋಫೋನಿನ ಮುದುಕ ತನ್ನ ಹೆಗಲ ಮೇಲೆ ಕೈ ಹಾಕಿ ಕೂತದ್ದು, ತಾನು ಅಷ್ಟು ಸುಖವಾಗಿ ಮತ್ತೆಂದೂ ಇರದಿದ್ದದ್ದು. ಒಂದೂವರೆ ನಿಮಿಷ. ಮತ್ತೆ ಸುಂಯ್ ಎಂದಿತು.

ಮಗ್ಗದ ಬಳಿ ನಿಂತಿದ್ದ ಮಕ್ತುಮಬಿ ಬಸಯ್ಯನನ್ನು ಕೇಳಿದಳು, "ಇವರೇನ್ರಿ ಊದಿದ್ದು?"

"ಇವರ, ವೈನಿ."

ಅವಳು ಗಂಡನ ಬೆನ್ನಿನ ಕಡೆ ತಿರುಗಿದಳು. "ಮನ್ಯಾಗ ಒಂದ ದಿನಾನೂ ಹಿಂಗ ಊದಲಿಲ್ಲಲ್ರಿ ನೀವು."

"ನಿನಗ ಸೇರತೈತಂತ ನನಗ ಗೊತ್ತಿದ್ದಿಲ್ಲ," ಎಂದ ಮುರ್ತುಜಸಾಬ, ಗೋಡೆಗೇ.

ಮಕ್ತುಮಬಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗರ ಎಲ್ಲಿ ಗೊತ್ತಿತ್ರಿ?"