ಸದ್ದಿಲ್ಲದ ಕಂಪ್ಯೂಟರ್

ಭವ್ಯಶ್ರೀ ಸ್ನಾನ ಮುಗಿಸಿ ಕೋಣೆಗೆ ಬರುವಾಗ ವಿಜೇತ್ ಅಳತೆಯ ಟೇಪನ್ನು ಸರ್ರನೆ ಸುತ್ತಿ ಕಿಸೆಗೆ ಹಾಕಿಕೊಂಡ. ಅವನ ಮುಂದಿದ್ದದ್ದು ಅವಳ ಮೇಜು, ಮೇಜಿನ ಮೇಲೆ ಅವನ ಹೆಗಲಚೀಲ. ಗಂಡ ತನ್ನ ಮೇಜನ್ನು ಕದ್ದು ಅಳೆಯುತ್ತಿದ್ದಾನೆಂದು ಅವಳಿಗೆ ಕೂಡಲೇ ತಿಳಿಯಿತು. ಕೇಳಲಿಲ್ಲ. ಕೇಳಿದರೆ ಅವನು ತಡವರಿಸುತ್ತಾನೆ. ಅದನ್ನು ನೋಡುತ್ತ ನಿಂತರೆ ವಿದ್ಯಾನಗರದ ಬಸ್ಸು ತಪ್ಪುತ್ತದೆ.

ದುಬೈಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಿದ್ದ ವಿಜೇತ್, ಕಂಪೆನಿ ಮುಚ್ಚಿ ಚೆರ್ಕಳದ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಅವಳು ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಕ್ಲಾರ್ಕ್. ಬೆಳಿಗ್ಗೆ ಅವಳ ಬುತ್ತಿ ಕಟ್ಟುವುದು, ಸೀರೆಗೆ ಇಸ್ತ್ರಿ ಹಾಕುವುದು ಅವನ ಪಾಲು. ಬುತ್ತಿಯಲ್ಲಿ ಉಪ್ಪು ಕಡಿಮೆ, ಸೀರೆಯಲ್ಲಿ ಮಡಿಕೆ ಓರೆ ಎನ್ನುವುದು ಅವಳ ಪಾಲು. ಅವನು ಮರುಮಾತಾಡುತ್ತಿರಲಿಲ್ಲ. ಮರುಮಾತಾಡದವನನ್ನು ಕಂಡರೆ ಅವಳಿಗೆ ಇನ್ನಷ್ಟು ತಾತ್ಸಾರ.

ಆಫೀಸಿನ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಮನೆಯಲ್ಲೂ ಒಂದು ಬೇಕಿತ್ತು ಎಂದು ಅವಳು ಯಾವಾಗಲೋ ಹೇಳಿದ್ದಳು. ಅದಾಗಿ ಕೆಲವೇ ದಿನಗಳಲ್ಲಿ ವಿಜೇತ್, ಬಿಡಿಭಾಗ ತರಿಸಿ ಕಂಪ್ಯೂಟರನ್ನು ತಾನೇ ಜೋಡಿಸುವುದೆಂದು ಹಾಳೆ, ಪೆನ್ನು ಹಿಡಿದು ಕುಳಿತ. ಬೋರ್ಡ್ ಯಾವುದು, ಪ್ರೊಸೆಸರ್ ಯಾವುದು, ಅವನ್ನೆಲ್ಲ ಕೂರಿಸುವ ಡಬ್ಬ ಎಷ್ಟು ದೊಡ್ಡದು ಎಂದು ಬರೆಯುವುದು, ಹೊಡೆದು ಹಾಕುವುದು, ಫೋನಿನಲ್ಲಿ ಯಾರ್ಯಾರದೋ ವಿಡಿಯೊ ನೋಡಿ ಮತ್ತೆ ಬರೆಯುವುದು. ಹೀಗೆ ಮೂರು ವಾರ.

ತನ್ನ ಹುಟ್ಟಿದ ಹಬ್ಬ ಹತ್ತಿರ ಬರುತ್ತಿದೆಯೆಂಬುದು ಭವ್ಯಶ್ರೀಗೆ ನೆನಪಿತ್ತು. ಅವಳ ತುಟಿ ವಾರೆಯಾಯಿತು. ಒಂದು ಪೆಟ್ಟಿಗೆ ಕೊಟ್ಟು ಹದಿನಾಲ್ಕು ತಿಂಗಳು ಕೂತು ಉಂಡದ್ದನ್ನು ಮರೆಸಿಬಿಡಬಹುದೆಂದು ಲೆಕ್ಕ ಹಾಕಿದ್ದಾನೆ, ಪಾಪದವ.

ಒಂದು ಸಂಜೆ ಅವನ ಹೆಗಲ ಮೇಲಿನಿಂದ ಆ ಹಾಳೆಯನ್ನು ಇಣುಕಿದಳು. ಅಕ್ಕನ ಮಗ ಪ್ರವೀತನ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ದೀಪ ಉರಿಯುವ ಗ್ರಾಫಿಕ್ಸ್ ಕಾರ್ಡ್ ಉಂಟು, ಇದರಲ್ಲಿ ಯಾಕಿಲ್ಲ ಎಂದು ಕೇಳಿದಳು. ಗೆರೆ ಎಳೆಯುವ ಕೆಲಸಕ್ಕೆ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಸಾಕು, ಕಾರ್ಡ್ ಹಾಕಿದರೆ ಡಬ್ಬ ದೊಡ್ಡದಾಗುತ್ತದೆ ಎಂದು ಅವನು ತಾಳ್ಮೆಯಿಂದ ವಿವರಿಸಿದ. ಆ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಪ್ರೊಸೆಸರಿನ ಜೊತೆ ಹಂಚಿಕೊಳ್ಳುತ್ತದೆ. ಅದಕ್ಕೇ ಹದಿನಾರು ಜಿಬಿಯ ಒಂದು ರ‍್ಯಾಮಿನ ಬದಲು ಎಂಟೆಂಟರ ಎರಡು ಹಾಕುವುದು, ಆಗ ಎರಡಕ್ಕೂ ಬೇಗ ಸಿಗುತ್ತದೆ ಎಂದ.

"ಅಂದರೆ ಇನ್ನೊಬ್ಬರದ್ದನ್ನು ತಿಂದು ಬದುಕುವಂಥದ್ದು," ಎಂದಳು ಭವ್ಯಶ್ರೀ. "ನಿಮಗೆ ಸರಿಯಾದದ್ದನ್ನೇ ಆರಿಸಿದ್ದೀರಿ."

ಅವನು ತಲೆ ಎತ್ತದೆ ರ‍್ಯಾಮಿನ ಹೆಸರಿನ ಕೆಳಗೆ ಗೆರೆ ಎಳೆದ.

ಪ್ರೊಸೆಸರನ್ನು ತಣ್ಣಗಿಡುವ ಫ್ಯಾನಿನ ವಿಷಯಕ್ಕೇ ನಾಲ್ಕು ದಿನ ಹಿಡಿಯಿತು. ತೆಳ್ಳಗಿರಬೇಕು, ಸದ್ದೂ ಇರಬಾರದು. ಅಷ್ಟು ಯಾಕೆ ಒದ್ದಾಡುವುದೆಂದು ಕೇಳಿದ್ದಕ್ಕೆ, "ಪಕ್ಕದಲ್ಲಿ ಮಲಗಿದವರಿಗೆ ಕಿರಿಕಿರಿ ಆಗಬಾರದಲ್ಲ" ಎಂದ. ತನ್ನ ಬಾಯಿಗೆ ಇಷ್ಟು ಹೆದರುತ್ತಾನೆಯೇ ಎಂದು ಅವಳು ಒಳಗೊಳಗೇ ನಕ್ಕಳು. ಪರದೆಯನ್ನಂತೂ ಅವನು ಪಟ್ಟಿಗೇ ಸೇರಿಸಲಿಲ್ಲ. "ಎಲ್ಲಿಯಾದರೂ ಒಂದು ಟಿವಿ ಇದ್ದೇ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಆಯಿತು." ಕೊಡುವುದರಲ್ಲೂ ಜಿಪುಣತನ.

ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಕಥೆ. ಪಕ್ಕದ ಸೀಟಿನ ಪುಷ್ಪಾವತಿ ಒಂದು ದಿನ ತಡೆಯಲಾರದೆ, "ಇಷ್ಟೆಲ್ಲ ಯೋಚನೆ ಮಾಡುವ ಗಂಡ ಎಲ್ಲಿ ಸಿಗ್ತಾನೆ ಮಾರಾಯ್ತಿ? ಕೊಟ್ಟರೆ ತೆಗೆದುಕೋ" ಎಂದಳು. ತೆಗೆದುಕೊಳ್ಳುವುದಿಲ್ಲವೆಂದು ಭವ್ಯಶ್ರೀ ಆಗಲೇ ತೀರ್ಮಾನಿಸಿಯಾಗಿತ್ತು. ಹೇಳಬೇಕಾದ ಮಾತೂ ಸಿದ್ಧವಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅದನ್ನು ದಿನಾ ಇನ್ನಷ್ಟು ಹರಿತ ಮಾಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ ಹಾಕಿ ಬಂದಳು. ಅಂದೇ ಹುಟ್ಟಿದ ಹಬ್ಬ. ಅವಳ ಮೇಜಿನ ಮೇಲೆ ದಪ್ಪದ ಎರಡು ನಿಘಂಟುಗಳನ್ನು ಜೋಡಿಸಿಟ್ಟಷ್ಟೇ ಗಾತ್ರದ ಕಪ್ಪು ಡಬ್ಬ. ಗೋಡೆಯ ಟಿವಿಯಲ್ಲಿ ಯಾವುದೋ ಮನೆಯ ನಕ್ಷೆ ಮೂಡಿತ್ತು. ಕಿವಿ ಕೊಟ್ಟರೂ ಸದ್ದಿಲ್ಲ. ಡಬ್ಬದ ಪಕ್ಕದಲ್ಲಿ ವಿಜೇತ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ತಲೆ ಬಾಚಿದ್ದ. ಇಷ್ಟಕ್ಕೆ ಇಷ್ಟು ಶೃಂಗಾರ ಬೇರೆ ಎಂದುಕೊಂಡಳು.

ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. "ನನಗೆ ಇದು ಬೇಡ. ಕೆಲಸ ಇಲ್ಲದವರು ಕೂತು ಜೋಡಿಸಿದ ಡಬ್ಬದಲ್ಲಿ ಕೆಲಸ ಮಾಡುವ ಗತಿ ನನಗಿನ್ನೂ ಬಂದಿಲ್ಲ."

ಅವನ ಮುಖ ಬಾಡುವುದನ್ನು ನೋಡಲು ಕಾದಳು. ಬಾಡಲಿಲ್ಲ. ಅವನು ಯಂತ್ರವನ್ನು ನಿಲ್ಲಿಸಿ, ವಯರುಗಳನ್ನು ಕಳಚಿ ಒಂದೊಂದನ್ನೇ ಸುತ್ತಿದ. ಡಬ್ಬವನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ. ಮಂಚದ ಬದಿಯಿಂದ ಹೆಗಲಚೀಲ ತೆಗೆದು ಅಂಗಿಗಳ ನಡುವೆ ಅದನ್ನಿಟ್ಟು ಜಿಪ್ ಎಳೆದ. ಅಳತೆ ಸರಿಯಾಗಿತ್ತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಇದು ನಿನಗೆಂದು ನಾನು ಯಾವಾಗ ಹೇಳಿದೆ?" ಎಂದು ಮೆಲ್ಲಗೆ ಕೇಳಿದ.

ಕಣ್ಣೂರಿನ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ನಕ್ಷೆ ಬಿಡಿಸುವ ಕೆಲಸ ಸಿಕ್ಕಿದೆ, ಕಂಪ್ಯೂಟರ್ ತಾನೇ ತರಬೇಕೆಂದಿದ್ದಾರೆ. ಬೇರೆ ಮೂವರ ಜೊತೆ ಒಂದೇ ಕೋಣೆಯಲ್ಲಿ ಇರುವುದು. ಅಲ್ಲಿ ಟಿವಿ ಉಂಟು. ಸಂಜೆಯ ರೈಲಿಗೆ ಟಿಕೆಟ್ ಆಗಿದೆ. ಇಷ್ಟನ್ನೂ ಅವನು ಅಂಗಿಯ ಕೈ ಮಡಚುತ್ತಲೇ ಹೇಳಿ ಮುಗಿಸಿದ.

ಸಿದ್ಧ ಮಾಡಿಕೊಂಡ ಮಾತುಗಳೆಲ್ಲ ಖರ್ಚಾಗಿದ್ದವು. ಭವ್ಯಶ್ರೀ ಬಾಗಿಲಿನ ಚೌಕಟ್ಟಿಗೆ ಕೈ ಊರಿದಳು. "ಇನ್ನು ಬರುವುದು ಯಾವಾಗ?"

ವಿಜೇತ್ ಚೀಲವನ್ನು ಹೆಗಲಿಗೇರಿಸಿಕೊಂಡ.

"ತಿರುಗಿ ಬಂದು ಇರುವ ಮನಸ್ಸಿದ್ದರೆ ದೊಡ್ಡ ಡಬ್ಬವನ್ನೇ ಮಾಡಿ ಇಲ್ಲಿಯೇ ಇಡುತ್ತಿದ್ದೆ."