ಕಿವಿ, ಮೂಗು, ಗಂಟಲು

“ಹಲ್ಲು,” ಎಂದು ಓದಿದಳು ಹೆಂಡತಿ.

“ಹೊಸದರಲ್ಲಿದೆ. ಹಳೇದರಲ್ಲಿಲ್ಲ,” ಎಂದ ಪೈಲಟ್.

ಊಟದ ಮೇಜಿನ ಮೇಲೆ ಎರಡು ಆರೋಗ್ಯ ವಿಮೆಗಳ ಕಾಗದಗಳು ಹರಡಿದ್ದವು. ವಿಮಾನ ಕಂಪನಿ ತನ್ನ ಪೈಲಟ್‌ಗಳಿಗೂ ಅವರ ಮನೆಯವರಿಗೂ ಇಷ್ಟು ವರ್ಷ ಕೊಡುತ್ತಿದ್ದದ್ದು ಒಂದು. ಬೇಕಾದವರು ಬದಲಾಯಿಸಿಕೊಳ್ಳಿ ಎಂದು ಈ ವರ್ಷ ಮುಂದಿಟ್ಟದ್ದು ಇನ್ನೊಂದು. ಹಳೆಯದು ಪಿನ್ನು ಹೊಡೆದ ನಾಲ್ಕು ಹಾಳೆ. ಹೊಸದು ನುಣುಪು ಕಾಗದದ ಪುಸ್ತಕ, ಮುಖಪುಟದಲ್ಲಿ ಹುಟ್ಟಿದಾಗಿನಿಂದ ನೆಗಡಿಯನ್ನೇ ಕಾಣದಂಥ ಒಂದು ಸಂಸಾರ. ಯಾವುದು ಬೇಕೆಂದು ಸಂಜೆ ಐದರೊಳಗೆ ತಿಳಿಸಬೇಕಿತ್ತು. ಈಗ ಮೂರೂವರೆ.

ಆ ಮನೆಯಲ್ಲಿ ದೊಡ್ಡ ಕೆಲಸವೆಲ್ಲ ಕಾಕ್‌ಪಿಟ್ಟಿನ ಪದ್ಧತಿಯಲ್ಲೇ ನಡೆಯುತ್ತಿತ್ತು. ಒಬ್ಬರು ಪಟ್ಟಿ ಓದಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಉತ್ತರ ಕೊಡಬೇಕು. ಉತ್ತರ ಬರುವ ತನಕ ಓದುವವರ ಬೆರಳು ಮುಂದಿನ ಸಾಲಿಗೆ ಹೋಗಕೂಡದು. ಮದುವೆಯಾದ ಶುರುವಿನಲ್ಲಿ ಹೆಂಡತಿಗೆ ಇದು ಹುಚ್ಚಾಟ ಎನಿಸಿತ್ತು. ಔಷಧದಂಗಡಿಯ ಕೌಂಟರ್ ಹಿಂದೆ ಹದಿನಾರು ವರ್ಷ ನಿಂತು, ಚೀಟಿಯನ್ನು ಅರ್ಧ ಓದಿ ಮಾತ್ರೆ ಕೊಡುವವರನ್ನು ಕಂಡ ಮೇಲೆ ಅವಳೇ ಗಂಡನಿಗಿಂತ ಕಟ್ಟುನಿಟ್ಟಾಗಿದ್ದಳು.

ಹಲ್ಲಿನಲ್ಲಿ ಹೊಸದು ಗೆದ್ದಿತು. ಮಗಳ ಹಲ್ಲಿಗೆ ತಂತಿ ಹಾಕಿಸಬೇಕಿತ್ತು. ಮಾವನ ಮಂಡಿಯ ವಿಷಯದಲ್ಲಿ ಎರಡೂ ಸಮ. ಕನ್ನಡಕಕ್ಕೆ ಹೊಸದೇ ಮೇಲು. ಹೆರಿಗೆ ಎಂದು ಓದಿದಾಗ ಪೈಲಟ್, ಇಬ್ಬರಿಗೂ ವಯಸ್ಸಾಯಿತು, ಮುಂದೆ ಹೋಗು ಎಂದ. “ನಿಮಗಾಯ್ತು ಅನ್ನಿ,” ಎನ್ನುತ್ತ ಅವಳು ಗೆರೆ ಎಳೆದಳು.

“ಕಿವಿ, ಮೂಗು, ಗಂಟಲು.”

ಪೈಲಟ್ ಎದ್ದು ಹೋಗಿ ನಲ್ಲಿ ತಿರುಗಿಸಿ, ಆಗಲೇ ತೊಳೆದಿಟ್ಟಿದ್ದ ಲೋಟವನ್ನು ಮತ್ತೆ ತೊಳೆಯತೊಡಗಿದ. ಮುಂದಿನದು ಓದು ಎಂದ. ಅವಳು ಓದಲಿಲ್ಲ. ಅದರಲ್ಲೇನಿದೆ, ಎರಡರಲ್ಲೂ ಇದ್ದೇ ಇರುತ್ತೆ ಎಂದು ಗೊಣಗಿದ. ಅವಳ ಬೆರಳು ಆ ಸಾಲು ಬಿಟ್ಟು ಕದಲಲಿಲ್ಲ.

“ರೀ, ನಲ್ಲಿ ನಿಲ್ಲಿಸಿ ಈ ಕಡೆ ತಿರುಗಿ. ಯಾವ ಕಿವಿ?”

“ಎಡದ್ದು,” ಎಂದ ಪೈಲಟ್, ನಲ್ಲಿ ನಿಲ್ಲಿಸಿ.

ನೆಗಡಿಯಿದ್ದಾಗಲೇ ಹಾರಿದ್ದು, ಇಳಿಯುವಾಗ ಕಿವಿ ಕಟ್ಟಿದ್ದು, ಆಮೇಲೆ ಒಳಗೊಂದು ಶಿಳ್ಳೆ ಉಳಿದುಕೊಂಡದ್ದು, ಒಂದೊಂದಾಗಿ ಹೇಳಿದ. ಪರ ಊರಿನಲ್ಲಿ ತಂಗಿದ್ದಾಗ ಸಮವಸ್ತ್ರ ಬಿಚ್ಚಿಟ್ಟು ಸಣ್ಣ ಆಸ್ಪತ್ರೆಯೊಂದಕ್ಕೆ ಹೋಗಿದ್ದನಂತೆ. ಏನು ಕೆಲಸ ಎಂದು ಕೇಳಿದಾಗ ಪುಸ್ತಕದಂಗಡಿ ಎಂದಿದ್ದನಂತೆ. ವಿಮೆಯ ಕಾರ್ಡು ತೋರಿಸಿರಲಿಲ್ಲ. ತೋರಿಸಿದರೆ ಕಂಪನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಫಿಟ್‌ನೆಸ್ ಸರ್ಟಿಫಿಕೇಟ್ ಹೋಗುತ್ತದೆ, ಅದು ಹೋದವನು ಮತ್ತೆ ಕಾಕ್‌ಪಿಟ್ಟಿಗೆ ಬರುತ್ತಾನೆಂದು ಪೈಲಟ್‌ಗಳು ನಂಬುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆಗೆ ನಿದ್ದೆ ಬರುತ್ತದೆಂದು ಅದನ್ನೂ ನುಂಗಿರಲಿಲ್ಲ. ಇಷ್ಟು ದಿನ ಬಲಗಿವಿಯೊಂದನ್ನೇ ನಂಬಿಕೊಂಡು ಹಾರಿದ್ದ.

“ನೆಂಟರಿಗೆ ಬೇಕಿತ್ತು ಅಂತ ಹೇಳಿ ತಮಗೇ ಔಷಧಿ ತಗೊಂಡು ಹೋಗೋರು ನಮ್ಮಂಗಡಿಗೆ ದಿನಾ ಬರ್ತಾರೆ,” ಎಂದಳು ಹೆಂಡತಿ. “ಅಂಥೋರು ಮನೇಲೇ ಒಬ್ರಿದ್ದಾರೆ ಅಂತ ಗೊತ್ತಿರ್ಲಿಲ್ಲ.”

ಬೈಗುಳ ಅಷ್ಟಕ್ಕೇ ನಿಂತಿತು. ನಿಮ್ಮ ಬೆನ್ನ ಹಿಂದೆ ನೂರೈವತ್ತು ಜನ ಕೂತಿರುತ್ತಾರೆ ಎಂದು ಅವಳು ಹೇಳಲಿಲ್ಲ. ಅವನ ಮುಖ ನೋಡಿದರೆ ಅದನ್ನು ದಿನಾ ತನಗೆ ತಾನೇ ಹೇಳಿಕೊಂಡಿದ್ದಾನೆಂದು ತಿಳಿಯುತ್ತಿತ್ತು.

ಅವಳು ಎರಡನ್ನೂ ಮೊದಲಿನಿಂದ ಓದಿದಳು, ಈ ಸಲ ಸಣ್ಣ ಅಕ್ಷರಗಳನ್ನು. ಹೊಸದರಲ್ಲಿ ಒಂದು ಪ್ರಶ್ನೆಯಿತ್ತು: ಈಗಾಗಲೇ ಏನಾದರೂ ತೊಂದರೆ ಇದೆಯೇ? ಇದೆ ಎಂದರೆ ಎರಡು ವರ್ಷ ಆ ತೊಂದರೆಗೆ ಚಿಕ್ಕಾಸೂ ಸಿಗುವುದಿಲ್ಲ. ಇಲ್ಲ ಎಂದರೆ ಸುಳ್ಳು. ಹಳೆಯದರಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ. ಅದರ ಕೊನೆಯ ಹಾಳೆಯಲ್ಲಿ ಇನ್ನೊಂದು ಸಾಲಿತ್ತು: ಡಾಕ್ಟರು ಹಾರಬೇಡ ಎಂದರೆ ಒಂದು ವರ್ಷದವರೆಗೆ ಮುಕ್ಕಾಲು ಸಂಬಳ, ಚಿಕಿತ್ಸೆ ಪೂರ್ತಿ.

ಇದು ಯಾವಾಗ ಬಂತು ಎಂದು ಪೈಲಟ್ ಕೇಳಿದ. ಅವನು ಕೆಲಸಕ್ಕೆ ಸೇರಿದಾಗಿನಿಂದಲೂ ಇತ್ತು. ಆ ಹಾಳೆಯನ್ನು ಪೈಲಟ್‌ಗಳು ಯಾರೂ ತಿರುವಿ ನೋಡುವುದಿಲ್ಲ. ನೋಡಿದರೆ ಎಲ್ಲಿ ಮೈಗೆ ಅಂಟಿಕೊಳ್ಳುತ್ತದೋ ಎಂಬಂತೆ.

“ಮಗಳ ಹಲ್ಲು?” ಎಂದ.

“ನಿಧಾನಕ್ಕೆ ನೋಡೋಣ. ಹಲ್ಲು ಎಲ್ಲೂ ಓಡಿಹೋಗಲ್ಲ.” ಹಳೆಯದೇ ಇರಲಿ ಎಂದು ಗುರುತು ಹಾಕಿ ಅವಳು ಫೋನನ್ನು ಅವನ ಮುಂದಕ್ಕೆ ತಳ್ಳಿದಳು.

ಮಾತಾಡಬೇಕಾಗಿದ್ದದ್ದು ಮುಖ್ಯ ಪೈಲಟ್ ಹತ್ತಿರ. ಕಂಪನಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ದೂರ್ವಾಸ ಎನ್ನುತ್ತಿದ್ದರು. ಕೂದಲು ಪೂರ್ತಿ ನರೆತರೂ ವಾರಕ್ಕೆರಡು ಸಲ ಇವತ್ತಿಗೂ ಹಾರುವ ಮನುಷ್ಯ. ಪೈಲಟ್ ಎರಡು ಸಲ ಗಂಟಲು ಸರಿಮಾಡಿಕೊಂಡ. ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿ, ನಾಳೆ ಹಾರುವುದಿಲ್ಲ, ಎಡಗಿವಿ ಸರಿಯಿಲ್ಲ, ಕಂಪನಿಯ ಡಾಕ್ಟರಿಗೇ ತೋರಿಸುತ್ತೇನೆ ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ.

ಆ ಕಡೆ ಯಾರೋ ಎದ್ದು ಬಾಗಿಲು ಹಾಕಿಕೊಂಡ ಸದ್ದಾಯಿತು.

“ಎಷ್ಟು ದಿನದಿಂದ?”

“ಮೂರು ತಿಂಗಳಾಯ್ತು, ಸರ್.”

“ನಂದೂ ಕಿವೀನೇ ಆಗಿತ್ತು. ಬಾಯಿ ಬಿಡೋಕೆ ನಾನು ಹನ್ನೊಂದು ತಿಂಗಳು ತಗೊಂಡಿದ್ದೆ ಕಣಯ್ಯ,” ಎಂದಿತು ಫೋನಿನ ದನಿ. “ನೀನು ನನಗಿಂತ ಬೇಗ ಮತ್ತೆ ಹಾರ್ತೀಯ.”