ನೀರು ಬಿಟ್ಟ ರಾತ್ರಿ

ಲಾಡ್ಜಿನ ಬಚ್ಚಲಲ್ಲಿ ನಲ್ಲಿ ಸಣ್ಣಗೆ ಸದ್ದು ಮಾಡಿದಾಗ ರಾತ್ರಿ ಎರಡು ಗಂಟೆ. ಅಕ್ಕ ಎದ್ದು ಹೋಗಿ ಬಾಗಿಲು ತಳ್ಳಿದಳು. ತಂಗಿ ನೆಲದ ಮೇಲೆ ಕುಳಿತು ಒದ್ದೆ ಟವಲಿನ ತುದಿ ಚೀಪುತ್ತಿದ್ದಳು. ಬೆಳಗಾದರೆ ದೇಹದಾರ್ಢ್ಯ ಸ್ಪರ್ಧೆ. ಚರ್ಮ ತೆಳುವಾಗಿ ಸ್ನಾಯುಗಳು ಎದ್ದು ಕಾಣಲೆಂದು ಒಂದೂವರೆ ದಿನದಿಂದ ಅವಳಿಗೆ ನೀರು ಬಿಡಿಸಿದ್ದು ಅವಳ ಕೋಚ್ ಕೂಡ ಆದ ಈ ಅಕ್ಕನೇ.

"ಕುಡೀಲಿಲ್ಲ ಅಕ್ಕಾ, ಬರೀ ತುಟಿ ಒದ್ದೆ ಮಾಡ್ಕೊಂಡೆ. ಹಂಗ್ಯಾಕೆ ನೋಡ್ತೀಯ, ದೆವ್ವ ಕಂಡೋಳ ಥರ?"

ಅಕ್ಕ ಅವಳ ಮಣಿಕಟ್ಟು ಹಿಡಿದಳು. ನಾಡಿ ನಾಲ್ಕು ಸಲ ಬಡಿದು ನಿಂತಿತು. ಬೆರಳ ಕೆಳಗೆ ಏನೂ ಇಲ್ಲ. ಆಮೇಲೆ ಗಾಬರಿಬಿದ್ದಂತೆ ಮತ್ತೆ ಓಡತೊಡಗಿತು. ಮೈ ಒಂದು ದಿನದಲ್ಲಿ ಬದಲಾಗುವುದಿಲ್ಲ, ವರ್ಷಗಟ್ಟಲೆ ಊಟ ನಿದ್ದೆ ಸರಿಯಿದ್ದರಷ್ಟೇ ಬದಲಾವಣೆ ಉಳಿಯುತ್ತದೆ ಎಂದು ಜಿಮ್ಮಿನಲ್ಲಿ ಎಲ್ಲರಿಗೂ ಹೇಳುವವಳು ಈ ಅಕ್ಕನೇ. ಆದರೆ ನಾಳೆ ವೇದಿಕೆಯ ಮೇಲೆ ಸಿಗುವುದು ಒಂದೇ ನಿಮಿಷ. ಅದಕ್ಕಾಗಿ ತಂಗಿ ಮೂರು ವರ್ಷ ಬೆವರು ಸುರಿಸಿದ್ದಳು, ಜೊತೆಗೆ ಅಕ್ಕನೂ.

"ಎದೇಲಿ ಏನಾದ್ರೂ ಆಗ್ತಿದ್ಯೇನೇ?"

"ಸ್ವಲ್ಪ ಢವಢವ ಅಂತಿದೆ, ಅಷ್ಟೇ. ಡಾಕ್ಟರ್ ಗೀಕ್ಟರ್ ಅಂದ್ರೆ ಸ್ಟೇಜ್ ಹತ್ತೋಕೇ ಬಿಡಲ್ಲ. ಅಮ್ಮಂಗಂತೂ ಬಾಯಿ ಬಿಡ್ಬೇಡ."

ಅಕ್ಕ ಮತ್ತೊಮ್ಮೆ ಎಣಿಸಿದಳು. ಈ ಸಲ ನಾಡಿ ಮೂರಕ್ಕೇ ನಿಂತಿತು. ಅವಳು ತಂಗಿಯ ಕೈಯಿಂದ ಟವಲನ್ನು ಮೆಲ್ಲಗೆ ಬಿಡಿಸಿಕೊಂಡು, ಒಂದು ಹನಿಯೂ ಉಳಿಯದಂತೆ ಹಿಂಡಿದಳು. "ಮಲಕ್ಕೋ ಹೋಗು," ಎಂದಳು. ಬೆಳಿಗ್ಗೆ ಅಮ್ಮ ಫೋನು ಮಾಡಿದರೂ, ಸ್ಪರ್ಧೆಯ ವೈದ್ಯರು ಎದುರಿಗೇ ನಿಂತು ಕೇಳಿದರೂ, ಈ ವಿಷಯ ಯಾರಿಗೂ ಹೇಳಬಾರದೆಂದು ಅವಳು ಆಗಲೇ ನಿರ್ಧರಿಸಿದ್ದಳು.